ನ್ಯೂಟಿನ ಕಣ್ಣು, ಅಕ್ಕನ ಕಣ್ಣು

ಆ ಮಾತನ್ನು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದೆನೋ, ಕೂತಲ್ಲಿಂದಲೇ ಕೂಗಿದೆನೋ, ಅಥವಾ ಹೇಳಬೇಕಿತ್ತು ಎಂದು ವರ್ಷಗಟ್ಟಲೆ ಅಂದುಕೊಂಡು ಕೊನೆಗೆ ಹೇಳಿಯೇ ಬಿಟ್ಟಿದ್ದೆ ಎಂದು ನಂಬಿಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಎದ್ದು ನಿಂತೆ ಎಂದೇ ನನ್ನ ನೆನಪು. ಹಿಂದಿನ ಕುರ್ಚಿ ಮಗುಚಿದ ಸದ್ದು ಕೂಡ ಕಿವಿಯಲ್ಲಿದೆ. ಆದರೆ ಅಕ್ಕ, "ನೀನು ಏಳ್ಲೇ ಇಲ್ಲ, ಕೂತಲ್ಲೇ ಗೊಣಗಿದ್ದು" ಎನ್ನುತ್ತಾಳೆ. ಭಾವ ಇನ್ನೂ ಮುಂದೆ ಹೋಗಿ, "ನೀನು ಬರುವಾಗ ಅರ್ಧ ಮುಗಿದಿತ್ತು ಮಾರಾಯ. ನಿನ್ನ ಲೋಕಲ್ ಗಾಡಿ ದಿವಾ ಸ್ಟೇಷನ್ನಲ್ಲಿ ನಿಂತಿರ್ಲಿಲ್ವಾ?" ಎನ್ನುತ್ತಾರೆ. ವರ್ಷ ಕೂಡ ಸ್ಪಷ್ಟವಿಲ್ಲ. ಮಳೆಗೆ ಊರೆಲ್ಲ ಮುಳುಗಿದ 2005 ಅಲ್ಲ, ಅದಾಗಿ ನಾಲ್ಕೈದು ವರ್ಷವಾಗಿತ್ತು. ತಿಂಗಳಿನ ಬಗ್ಗೆ ಮಾತ್ರ ಯಾರಿಗೂ ಸಂಶಯವಿಲ್ಲ. ಅದು ಆಟಿ, ಶುಭಕಾರ್ಯಕ್ಕೆ ಆಗದೆಂದು ನಮ್ಮ ಕಡೆಯವರು ಬಿಡುವ ಮಳೆಗಾಲದ ತಿಂಗಳು.

ಕಳೆದ ಆಟಿಯಲ್ಲಿ ಡೊಂಬಿವಲಿಯ ಅಕ್ಕನ ಕಟ್ಟಡದ ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ಆ ವಾಸನೆ ಬಂತು. ಪಾಲೆ ಮರದ ಕೆತ್ತೆಯ, ಎಂದರೆ ತೊಗಟೆಯ, ಕಹಿ ಕಷಾಯಕ್ಕೆ ಬೆಳ್ಳುಳ್ಳಿ, ಓಮ ಹಾಕಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಇಳಿಸಿದಾಗ ಏಳುವ ವಾಸನೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅದನ್ನು ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಬರುವುದಿಲ್ಲ ಎಂದು ನಮ್ಮ ಕಡೆಯವರ ನಂಬಿಕೆ. ಕೆತ್ತೆ ಈಗಲೂ ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಬರುತ್ತದೆ. ಯಾರದೋ ಮನೆಯ ಕುಕ್ಕರಿನ ಸೀಟಿ, ಯಾರದೋ ಮರಾಠಿ ಧಾರಾವಾಹಿ, ನಡುವೆ ಈ ವಾಸನೆ. ನಾನು ಕಂಬಿ ಹಿಡಿದು ನಿಂತುಬಿಟ್ಟೆ. ದುಃಖ ಬಂತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಹತ್ತು ವರ್ಷದ ಹಿಂದೆ ಎಷ್ಟಿತ್ತೋ ಅಷ್ಟೇ.

ಆಗ ನಾನು ಘಣಸೋಲಿಯ ಹಳೆ ಊರಿನಲ್ಲಿ ಒಂದು ಕೋಣೆ ಹಿಡಿದು, ಹತ್ತಿರದ ಔಷಧಿ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸಕ್ಕಿದ್ದೆ. ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸಂಶೋಧನೆಗೆಂದು ಸೇರಿ, ಅರ್ಧಕ್ಕೇ ಬಿಟ್ಟು ಬಂದವನು. ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಭಾವ ಕಲ್ಯಾಣ ಸ್ಟೇಷನ್ ಎದುರಿನ ಹೋಟೆಲೊಂದರ ಮ್ಯಾನೇಜರು. ಅವರ ತಾಯಿ, ನಾವೆಲ್ಲ ಕಾವೇರತ್ತೆ ಎಂದು ಕರೆಯುತ್ತಿದ್ದವರು, ಜೊತೆಗಿದ್ದರು. ಅಕ್ಕ ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಅವಳ ಹೆಸರು ಬಾಯಿಂದ ಬಾಯಿಗೆ ಹೋಗಿತ್ತು. ಸೀರೆಯ ಬಣ್ಣಕ್ಕೆ ಫಾಲಿನ ಬಣ್ಣ, ಅದಕ್ಕೆ ದಾರದ ಬಣ್ಣ ಅವಳಷ್ಟು ಸರಿಯಾಗಿ ಕೂಡಿಸುವವರು ಆ ರಸ್ತೆಯಲ್ಲಿ ಇರಲಿಲ್ಲ.

ಅವಳಿಗೆ ನಿಜವಾಗಿ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಿಂದ ಮಂದ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಯಾರೂ ಗಮನಿಸದೆ ಹಾಗೆಯೇ ಉಳಿದಿತ್ತು. ಬಲಗಣ್ಣಿಗೆ ಸೋಡಾ ಬಾಟಲಿಯ ತಳದಂಥ ಗಾಜು, ಆದರೆ ಆ ಗಾಜಿನ ಹಿಂದೆ ಆ ಕಣ್ಣು ಚುರುಕಾಗಿತ್ತು. ಜುಲೈ ನಡುವೆ ಅವಳಿಗೆ ಬಲಗಣ್ಣಿನ ಮೂಲೆಯಲ್ಲಿ ಮಿಂಚು ಕಾಣತೊಡಗಿತು. ಮಳೆಗಾಲ, ಮಿಂಚು ಕಂಡರೆ ಯಾರು ಆಶ್ಚರ್ಯಪಡುತ್ತಾರೆ? ಆಮೇಲೆ ಕಣ್ಣ ಮುಂದೆ ಸೊಳ್ಳೆಗಳ ಹಿಂಡಿನಂಥ ಚುಕ್ಕೆಗಳು. ಒಂದು ಶುಕ್ರವಾರ ಮೂಗಿನ ಕಡೆಯಿಂದ ಕಪ್ಪು ನೆರಳೊಂದು ಪರದೆ ಎಳೆದ ಹಾಗೆ ಬಂದು ನಿಂತಿತು. ಅವಳು ಕನ್ನಡಕ ಒರೆಸಿದಳು. ಮತ್ತೆ ಒರೆಸಿದಳು. ಆಮೇಲೆ ನನಗೆ ಫೋನ್ ಮಾಡಿದಳು.

ಮರುದಿನ ನಾವು ಹೋದ ಕಲ್ಯಾಣದ ಕಣ್ಣಿನ ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮದ್ದು ಹಾಕಿ ಕಣ್ಣು ಅಗಲಿಸಿ, ದೀಪ ಬಿಟ್ಟು ನೋಡಿದರು. ನೋಟ ಮೂಡಿಸುವ ರೆಟಿನಾ ಪದರ ಹರಿದು ಹಿಂದಿನ ಗೋಡೆಯಿಂದ ಬಿಟ್ಟುಕೊಳ್ಳುತ್ತಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ, ಅದು ಬಿಡುವ ಮೊದಲು ಠಾಣೆಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. "ಆಜ್ ನಹೀ ತೋ ಕಲ್. ಪರಸೋ ಮತ್ ಬೋಲನಾ", ಇವತ್ತಲ್ಲದಿದ್ದರೆ ನಾಳೆ, ನಾಡಿದ್ದು ಎನ್ನಬೇಡಿ ಎಂದು, ಬಾಗಿಲವರೆಗೆ ಬಂದು ಮತ್ತೊಮ್ಮೆ ಹೇಳಿದರು. ಇದು ನನಗೆ ಚೆನ್ನಾಗಿ ನೆನಪಿದೆ. ಅಕ್ಕನಿಗೂ ನೆನಪಿದೆ. ಈ ಒಂದು ವಾಕ್ಯದ ಬಗ್ಗೆ ನಮ್ಮ ಮನೆಯಲ್ಲಿ ಜಗಳವಿಲ್ಲ.

ಆ ಸಂಜೆ ಮನೆಯಲ್ಲಿ ಪಂಚಾಯಿತಿ ಕೂತಿತು.

"ಆಟಿಯಲ್ಲಿ ಯಾರಾದ್ರೂ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ತಾರಾ?" ಎಂದರು ಕಾವೇರತ್ತೆ. "ಹೊಸ ಸೀರೆ ಉಡ್ಲಿಕ್ಕಿಲ್ಲ, ಹೊಸ ಕೆಲಸ ಶುರು ಮಾಡ್ಲಿಕ್ಕಿಲ್ಲ. ಮೇಲಿಂದ ಈ ಮಳೆ. ಕೀವಾದ್ರೆ? ಆಟಿ ಕಳೆದು ಸೋಣ ತಿಂಗಳು ಬರ್ಲಿ. ನನ್ನ ಪೊರೆ ತೆಗೆಸ್ಲಿಕ್ಕೆ ನಾನು ದೀಪಾವಳಿವರೆಗೆ ಕಾಯ್ಲಿಲ್ವಾ? ಹಣ್ಣಾಗದೆ ತೆಗೀಲಿಕ್ಕುಂಟಾ?"

"ಇದು ಪೊರೆ ಅಲ್ಲ ಅತ್ತೆ. ಹಣ್ಣಾಗುವುದೂ ಇಲ್ಲ, ಕಾಯಾಗುವುದೂ ಇಲ್ಲ. ಗೋಡೆಯ ಪ್ಲಾಸ್ಟರ್ ಕಳಚಿ ಬೀಳ್ತದಲ್ಲ, ಹಾಗೆ ಇದು" ಎಂದೆ ನಾನು.

"ಪ್ಲಾಸ್ಟರಾ?" ಅವರು ಸೋರುತ್ತಿದ್ದ ಬಾಲ್ಕನಿಯ ಗೋಡೆ ತೋರಿಸಿದರು. "ಮಳೆಗಾಲದಲ್ಲಿ ಪ್ಲಾಸ್ಟರ್ ಮಾಡಿದ್ರೆ ನಿಲ್ತದಾ ಮತ್ತೆ?"

ಭಾವ ನಕ್ಕುಬಿಟ್ಟರು. ಅಕ್ಕನೂ ನಕ್ಕಳು. ವಾದದಲ್ಲಿ ನಾನು ಸೋತೆ. ಆದರೂ ಕಾವೇರತ್ತೆಯ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಗೊತ್ತಿದ್ದ ಕಣ್ಣಿನ ಕಾಯಿಲೆ ಒಂದೇ, ಅದಕ್ಕೆ ಕಾಯುವುದೇ ಸರಿಯಾಗಿತ್ತು, ಕಾದದ್ದರಿಂದ ಅವರಿಗೆ ಒಳ್ಳೆಯದೂ ಆಗಿತ್ತು. ಮತ್ತೆ ಅವರು ಕಲ್ಲಿನ ಹಾಗೆ ಕೂತವರೂ ಅಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ, "ಡಾಕ್ಟ್ರು ಅಷ್ಟು ಹೇಳಿದ್ಮೇಲೆ ನೀವೇ ನೋಡಿ" ಎಂದು ಸಡಿಲಿಸಿದ್ದರು. ಹೋಟೆಲಿನಲ್ಲಿ ಬದಲಿ ಆಳು ನಿಲ್ಲಿಸದೆ ಕೌಂಟರ್ ಬಿಡುವ ಪದ್ಧತಿ ಇಲ್ಲ. ಬದಲಿ ಸೋಮವಾರಕ್ಕೆ ಸಿಗುತ್ತಾನೆ, ಅವತ್ತೇ ಠಾಣೆಗೆ ಹೋಗೋಣ ಎಂದು ಭಾವ ಹೇಳಿದರು. ನಾನೊಬ್ಬನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಭಾವ ಇಲ್ಲದೆ ಬರುವುದಿಲ್ಲ ಎಂದು ಅಕ್ಕ ಹಠ ಹಿಡಿದಳು. ಸೋಮವಾರಕ್ಕೆ ಎರಡೇ ದಿನ ಎಂದು ಎಲ್ಲರೂ ಒಪ್ಪಿದೆವು.

ನಡುವೆ ಭಾನುವಾರ ಬಂತು.

ಆ ಭಾನುವಾರದ ಭಾಷಣಕಾರರ ಹೆಸರು ಬರೆಯುವುದಿಲ್ಲ. ಎಲ್ಲರೂ 'ಸಾರ್' ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಬೆಂಗಳೂರು ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೆತ್ತನೆಯ ಮಾತು. ಡೊಂಬಿವಲಿ ಪೂರ್ವದಲ್ಲಿ ಒಂದು ಹೌಸಿಂಗ್ ಸೊಸೈಟಿಯ ಟೆರೇಸಿನ ಮೇಲೆ, ಪ್ಲಾಸ್ಟಿಕ್ಕಿನ ತಾಡಪತ್ರೆ ಹೊದಿಸಿದ ಹಾಲಿನಲ್ಲಿ ಭಾನುವಾರ ಭಾನುವಾರ ಆರೋಗ್ಯದ ಬಗ್ಗೆ ಭಾಷಣ ಮಾಡಿ, ಕೊನೆಗೆ ತಮ್ಮದೇ ತಯಾರಿಕೆಯ ಹನಿ ಮದ್ದು ಮಾರುತ್ತಿದ್ದರು. ಆ ವಾರ ಕಣ್ಣಿನ ಬಗ್ಗೆ ಎಂದು ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರೂ ವಹಿನಿ ಎಂದರೆ ಅತ್ತಿಗೆ ಎನ್ನುತ್ತಿದ್ದವರು, ಬಂದು ಅಕ್ಕನನ್ನು ಕರೆದೊಯ್ದರು. ನಾನು ಹೋದಾಗ ಮಳೆ ತಾಡಪತ್ರೆಯ ಮೇಲೆ ಹುಚ್ಚಾಗಿ ಬಡಿಯುತ್ತಿತ್ತು. ಮುಂದೆ ಆಳೆತ್ತರದ ಫ್ಲೆಕ್ಸ್. ಅದರ ಮೇಲೆ ಬಾಲವಿರುವ, ಒದ್ದೆ ಮೈಯ, ನಾಲ್ಕು ಕಾಲಿನ ಒಂದು ಜೀವಿ.

"ಹೀ ಪಾಲ ಆಹೇ ನಾ?" ಎಂದರು ವಹಿನಿ.

"ಹಲ್ಲಿ ಅಲ್ಲ ತಾಯಿ, ಇದು ಕಪ್ಪೆಯ ನೆಂಟ. ನ್ಯೂಟ್ ಅಂತಾರೆ" ಎಂದರು ಸಾರ್. "ಇದರ ಕಣ್ಣಿಗೆ ಪೆಟ್ಟಾದ್ರೆ ಇದು ಯಾವ ಆಸ್ಪತ್ರೆಗೆ ಹೋಗತ್ತೆ ಹೇಳಿ ನೋಡೋಣ."

ಜನ ನಕ್ಕರು. ಆಮೇಲೆ ಅವರು ಹೇಳಿದ್ದು ಬಹುಮಟ್ಟಿಗೆ ಸರಿಯಾಗಿತ್ತು. ನನ್ನ ಇಷ್ಟು ವರ್ಷದ ಸಿಟ್ಟಿನ ಬೇರು ಇಲ್ಲೇ ಇದೆ. ಪೂರ್ತಿ ಸುಳ್ಳು ಹೇಳಿದ್ದರೆ ನಾನು ಆ ಸಿಟ್ಟನ್ನು ಎಂದೋ ಮಣ್ಣು ಮಾಡಿಬಿಡುತ್ತಿದ್ದೆ.

ನ್ಯೂಟಿನ ಕಣ್ಣಿನಲ್ಲಿ ರೆಟಿನಾದ ಹಿಂದೆ ಕಪ್ಪು ಬಣ್ಣ ತುಂಬಿದ ಕೋಶಗಳ ಒಂದು ಪದರವಿದೆ. ಒಂದನ್ನೊಂದು ಬಿಗಿಯಾಗಿ ಹಿಡಿದು, ಹಾಸುಗಲ್ಲಿನ ಹಾಗೆ ಕೂತ ಕೋಶಗಳು. ಪೂರ್ತಿ ಬೆಳೆದ ಪ್ರಾಣಿಯಲ್ಲಿ ಅವು ವಿಭಜಿಸುವುದಿಲ್ಲ. ರೆಟಿನಾವನ್ನು ನೋಡಿಕೊಳ್ಳುವುದೇ ಅವುಗಳ ಕೆಲಸ. ರೆಟಿನಾ ಹಾಳಾಗಿ ಹೋದರೆ ಅಕ್ಕಪಕ್ಕದ ಕೋಶಗಳ ಹಿಡಿತ ಸಡಿಲವಾಗುತ್ತದೆ. ಪಕ್ಕದವನ ಕೈ ಬಿಟ್ಟದ್ದೇ ಅವಕ್ಕೆ ಸುದ್ದಿ. ಆ ಸುದ್ದಿ ಕೋಶದ ಒಳಗೆ ಸರಪಳಿಯಾಗಿ ಹೋಗಿ, ಎಷ್ಟೋ ಕಾಲದಿಂದ ನಿಂತುಹೋಗಿದ್ದ ವಿಭಜನೆಯ ಯಂತ್ರ ಮತ್ತೆ ತಿರುಗುತ್ತದೆ. ಒಂದು ಎರಡಾಗುತ್ತದೆ, ಕಪ್ಪು ಬಣ್ಣ ಕಳೆದುಕೊಳ್ಳುತ್ತದೆ, ತಾನು ಏನಾಗಿದ್ದೆ ಎಂಬುದನ್ನೇ ಮರೆತ ಹಾಗೆ ಬೇರೆಯಾಗುತ್ತದೆ. ಅವುಗಳಲ್ಲಿ ಒಂದು ಪಾಲು ಹೊಸ ರೆಟಿನಾ ಕಟ್ಟುತ್ತದೆ, ಇನ್ನೊಂದು ಪಾಲು ಮತ್ತೆ ಕಪ್ಪು ಪದರವಾಗುತ್ತದೆ. ಕೆಲವು ತಿಂಗಳಲ್ಲಿ ಪ್ರಾಣಿಗೆ ಮತ್ತೆ ಕಣ್ಣು ಕಾಣುತ್ತದೆ. ಇದನ್ನು ತರಗತಿಯಲ್ಲಿ ಮೊದಲು ಕೇಳಿದ ದಿನ ನಾನು ಮಧ್ಯಾಹ್ನದ ಊಟ ಮರೆತು ಗ್ರಂಥಾಲಯದಲ್ಲಿ ಕೂತಿದ್ದೆ. ನಾನು ಪ್ರೀತಿಸಿದ ಪಾಠ ಅದು. ಅದನ್ನೇ ಈತ ಫ್ಲೆಕ್ಸಿಗೆ ಹಾಕಿ ನೇತು ಬಿಟ್ಟಿದ್ದ.

"ಇದೇ ಕೋಶ ನಿಮ್ಮ ಕಣ್ಣಲ್ಲೂ ಇದೆ" ಎಂದರು ಸಾರ್. "ಮಲಗಿದೆ ಅಷ್ಟೇ. ರೆಟಿನಾಗೆ ಪೆಟ್ಟು ಬಿದ್ದಾಗ ಎಚ್ಚರ ಆಗತ್ತೆ, ಒಂದು ಎರಡಾಗತ್ತೆ. ನಮ್ಮ ಹನಿ ಅದಕ್ಕೆ ಆಹಾರ. ಅಂಥ ಟೈಮಲ್ಲಿ ಓಡಿ ಹೋಗಿ ಲೇಸರ್ ಹೊಡೆಸಿಕೊಂಡ್ರೆ ಪಾಪ, ಆಗತಾನೇ ಎದ್ದ ಕೋಶ ಸುಟ್ಟು ಹೋಗತ್ತೆ."

ಹಿಂದಿನಿಂದ ಕಲಬುರಗಿ ಕಡೆಯ ಒಬ್ಬ ಲೋಡಿಂಗ್ ಕೆಲಸದವ ಕೈ ಎತ್ತಿದ. "ಸಾರ್, ನಂದೊಂದ್ ಬೆರಳು ಪ್ರೆಸ್ ಮಷಿನ್ನಾಗ ಹೋಗ್ಯದ. ಅದಕ್ಕೂ ಎರಡ್ ಹನಿ ಹಾಕ್ರಲ್ಲ."

ಹಾಲ್ ನಕ್ಕಿತು. ಸಾರ್ ಎಲ್ಲರಿಗಿಂತ ಜೋರಾಗಿ ನಕ್ಕು, "ನ್ಯೂಟ್‌ಗೆ ಬೆರಳೂ ಬರತ್ತೆ ಕಣಪ್ಪಾ. ಒಂದೊಂದಾಗಿ ಕಲಿಯೋಣ" ಎಂದರು. ಚಪ್ಪಾಳೆ ಬಿತ್ತು. ಕುಹಕವನ್ನೂ ನುಂಗಿ ದಪ್ಪಗಾಗುವ ಜಾತಿ ಅದು.

ಆಗ ನಾನು ಎದ್ದೆ. ಅಥವಾ ಕೂತಿದ್ದೆ. "ನ್ಯೂಟಿನಲ್ಲಿ ಆಗುವುದು ಮನುಷ್ಯನಲ್ಲಿ ಆಗುವುದಿಲ್ಲ. ಮನುಷ್ಯನ ಕಣ್ಣಿನಲ್ಲಿ ಆ ಕೋಶ ಏಳುವುದೇ ಇಲ್ಲ, ವಿಭಜಿಸುವುದೇ ಇಲ್ಲ. ನೀವು ಜನರ ಕಣ್ಣು ಕಳೆಯುತ್ತಿದ್ದೀರಿ." ಇದು ನನ್ನ ಮಾತು, ಅಥವಾ ನನ್ನ ಮಾತು ಎಂದು ನಾನು ಇಟ್ಟುಕೊಂಡದ್ದು.

ಸಾರ್‌ಗೆ ಬೇಸರವಾಗಲಿಲ್ಲ. "ಏನು ಓದಿದೀರಾ?" ಎಂದರು. ಹೇಳಿದೆ. "ಹಾಗಾದ್ರೆ ನೀವೇ ಈ ಜನಕ್ಕೆ ಹೇಳಿಬಿಡಿ. ನ್ಯೂಟ್‌ಗೆ ಹೊಸ ರೆಟಿನಾ ಬರತ್ತೆ ಅನ್ನೋದು ನಿಜಾನೋ ಸುಳ್ಳೋ?"

"ನಿಜ. ಆದರೆ..."

"ಕೇಳಿಸ್ಕೊಂಡ್ರಲ್ಲ" ಎಂದು ಅವರು ಸಭೆಯ ಕಡೆ ತಿರುಗಿದರು. ನನ್ನ 'ಆದರೆ' ತಾಡಪತ್ರೆಯ ಮಳೆಯಲ್ಲಿ ಹೋಯಿತು. ಇಡೀ ಹಾಲಿಗೆ ಕೇಳಿಸಿದ್ದು 'ನಿಜ' ಒಂದೇ.

ಸೋಮವಾರ ಬದಲಿ ಆಳು ಬಂದ. ಅಕ್ಕ ಹೊರಡಲಿಲ್ಲ.

"ನೀನೇ ನಿಜ ಅಂದ್ಯಲ್ಲ" ಎಂದಳು ಫೋನಿನಲ್ಲಿ.

"ನಾನು ಹೇಳಿದ್ದು ಆ ಪ್ರಾಣಿಗೆ ನಿಜ ಅಂತ. ನೀನು ಆ ಪ್ರಾಣಿಯಾ?"

"ಬೈಬೇಡ. ಸ್ವಲ್ಪ ದಿನ ನೋಡ್ತೇನೆ. ಅಲ್ಲಿಗೆ ಆಟಿಯೂ ಮುಗೀತದೆ. ನನಗೆ ಹೆದ್ರಿಕೆ ಆಗ್ತದೆ ಮಾರಾಯ, ಇರುವುದೊಂದು ಕಣ್ಣಿಗೆ ಸೂಜಿ ಹಾಕ್ತಾರೆ ಅಂದ್ರೆ."

ಹೆದರಿದವರಿಗೆ ಅರ್ಧ ನಿಜ ಸಾಕು. ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಾರೆ. ನಾನು ಆ ವಾರವಿಡೀ ಕೆಲಸ ಮುಗಿಸಿ ಠಾಣೆಯಲ್ಲಿ ಗಾಡಿ ಬದಲಿಸಿ, ನೆಂದ ಜನರ ನಡುವೆ ಒಂಟಿಕಾಲಲ್ಲಿ ನಿಂತು ಡೊಂಬಿವಲಿಗೆ ಹೋಗಿ ಜಗಳವಾಡಿ ಬಂದೆ. ಭಾವ, "ಅವಳಿಗೆ ಮನಸ್ಸಿಲ್ಲದೆ ಎಳ್ಕೊಂಡು ಹೋಗ್ಲಿಕ್ಕಾಗ್ತದಾ?" ಎಂದರು. ಯಾರ ಮನಸ್ಸು, ಯಾರು ಹೊಲಿದು ಕೊಟ್ಟ ಮನಸ್ಸು ಎಂದು ಕೇಳಿದರೆ ಎದ್ದು ಡ್ಯೂಟಿಗೆ ಹೋದರು. ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ ಕಷಾಯ ಕುಡಿದಳು, ಮೇಲೆ ಮೆಂತೆ ಗಂಜಿ ಉಂಡಳು, ಹನಿ ಹಾಕಿಕೊಂಡಳು. ನೆರಳು ಸ್ವಲ್ಪ ಹಿಂದೆ ಸರಿದಿದೆ ಎಂದಳು. ನನ್ನ ಎದುರಿಗೇ ಸೂಜಿಗೆ ದಾರ ಪೋಣಿಸಿ ತೋರಿಸಿದಳು. ನಾನು ನೋಡುತ್ತಿದ್ದೆ. ಅವಳ ಮುಖ ಕಿಟಕಿಯ ಕಡೆಗಿತ್ತು. ಪೋಣಿಸಿದ್ದು ಬೆರಳು, ಇಪ್ಪತ್ತು ವರ್ಷದ ಅಭ್ಯಾಸ.

ಬಯಲಾದದ್ದು ಒಂದು ಸೀರೆಯಿಂದ. ವಹಿನಿ ತಮ್ಮ ನೇರಳೆ ಬಣ್ಣದ ಪೈಠಣಿಯನ್ನು ಬಾಗಿಲಲ್ಲೇ ಬಿಚ್ಚಿ ನೋಡಿದರು. ಒಳಗೆ ಹೊಲಿದಿದ್ದ ಫಾಲ್ ಕಂದು ಬಣ್ಣದ್ದು. ಅವರು ಸೀರೆ ಮಡಿಸಲು ಹೊರಟರು. ಆದರೆ ಕಾವೇರತ್ತೆ ನೋಡಿಬಿಟ್ಟಿದ್ದರು. ಅವರು ಸೀರೆಯನ್ನು ಕಸಿದುಕೊಂಡು, ಸೊಸೆಯ ಮುಖದ ಎದುರಿಗೆ ಹಿಡಿದು, "ಇದು ಯಾವ ಬಣ್ಣ?" ಎಂದು ಕೇಳಿದರು.

ಅಕ್ಕ ತಲೆಯನ್ನು ಅತ್ತ ಇತ್ತ ವಾಲಿಸಿದಳು, ಸೀರೆಯ ಅಂಚು ಹುಡುಕುವವಳ ಹಾಗೆ. "ನಡುವೆಯೇ ಇಲ್ಲ ಅತ್ತೆ" ಎಂದಳು. "ನಿಮ್ಮ ಮುಖವೂ ಇಲ್ಲ. ಕಿವಿಯ ಓಲೆ ಮಾತ್ರ ಉಂಟು."

ಆಟಿ ಮುಗಿಯಲು ಇನ್ನೂ ಕೆಲವು ದಿನವಿತ್ತು. ಕಾವೇರತ್ತೆ ಒಳಗೆ ಹೋಗಿ ಸೀರೆ ಬದಲಿಸಿ ಕೊಡೆ ಹಿಡಿದು ಬಂದರು. "ಆಟಿ ಹಾಳಾಗ್ಲಿ. ನಡೀರಿ" ಎಂದರು. ಭಾವ ಹೋಟೆಲಿನಿಂದ ಬರುವವರೆಗೂ ಅವರು ಕಾಯಲಿಲ್ಲ. ಮೊಣಕಾಲು ನೋವಿನ ಆ ಮುದುಕಿ ಜೀವನದಲ್ಲಿ ಮೊದಲ ಸಲ ಆಟಿಯನ್ನು ಮುರಿದು, ಸೊಸೆಯ ರಟ್ಟೆ ಹಿಡಿದು, ಠಾಣೆಯ ಲೋಕಲ್ ಹತ್ತಿದರು. ನಾನು ಘಣಸೋಲಿಯಿಂದ ಹೋಗಿ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕಾದಿದ್ದೆ. ಗಾಡಿಯಿಂದ ಇಳಿದ ಕೂಡಲೇ ಅವರು ನನಗೆ, "ನಿನ್ನ ಪ್ಲಾಸ್ಟರ್ ಬಿದ್ದೇ ಹೋಯ್ತಲ್ಲ ಮಗಾ" ಎಂದರು. ತಮ್ಮ ತಪ್ಪನ್ನು ತಿದ್ದಿಕೊಳ್ಳಲು ಓದು ಬೇಡ ಎಂದು ಅವತ್ತು ನೋಡಿದೆ. ಓದಿದ ಸಾರ್ ಇವತ್ತಿಗೂ ತಿದ್ದಿಕೊಂಡಿಲ್ಲ.

ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆ ಅಕ್ಕ ವಾರಗಟ್ಟಲೆ ಮುಖ ಕೆಳಗೆ ಮಾಡಿ ಮಲಗಿದಳು. ರೆಟಿನಾ ಕೂತಿತು, ಆಮೇಲೆ ಮತ್ತೆ ಗೋಡೆ ಬಿಟ್ಟು ಎದ್ದಿತು. ಎರಡನೆಯ ಸಲ ತೆರೆದಾಗ ಅದರ ಮೇಲೆ ಬಿಳಿ ಪೊರೆ ಕಟ್ಟಿ, ಸುರುಟಿ, ರೆಟಿನಾವನ್ನು ಬಟ್ಟೆಯ ನೆರಿಗೆಯ ಹಾಗೆ ಎಳೆದು ಹಿಡಿದಿತ್ತು. ಸರ್ಜನ್ ಹೊರಗೆ ಬಂದು, ತಡವಾದರೆ ಹೀಗೆ ಪೊರೆ ಕಟ್ಟುವುದುಂಟು, ಒಳಗೆ ಗಾಯದ ಅಂಗಾಂಶ ಬೆಳೆಯುತ್ತದೆ ಎಂದರು. ಪೊರೆ ಎಂಬ ಮಾತು ಕೇಳಿದ್ದೇ ಕಾವೇರತ್ತೆ ಕೂತಲ್ಲಿಂದ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಬೆಳೆದದ್ದು ಏನು, ಎಲ್ಲಿಂದ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಆ ಕಣ್ಣಿಗೆ ಕೊನೆಗೆ ಉಳಿದದ್ದು ಹಗಲು ರಾತ್ರಿಯ ವ್ಯತ್ಯಾಸ ಮಾತ್ರ.

ನಾನು ಸಾರ್ ಮನೆಗೆ ಹೋದೆ. ಅವರು ಬಾಗಿಲು ತೆರೆದು ಕೂರಿಸಿ, ಎಲ್ಲ ಕೇಳಿ, ನಿಟ್ಟುಸಿರು ಬಿಟ್ಟು, "ಛೇ, ಸ್ವಲ್ಪ ಕಾಯಬೇಕಿತ್ತು. ಕೋಶಗಳು ಎದ್ದಿದ್ವು. ನಡುವೆ ಹೋಗಿ ಕೊಯ್ಸಿಬಿಟ್ರಿ" ಎಂದರು. ಇದನ್ನು ಅವರು ಹೇಳಿದರು ಎಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ನನ್ನ ನೆನಪಿನಲ್ಲಿ ಎಷ್ಟೇ ತೂತಿದ್ದರೂ ಈ ಮಾತು ಸೋರಿ ಹೋಗಿಲ್ಲ. ನಾನು ಅವರಿಗೆ ಏನು ಉತ್ತರ ಕೊಟ್ಟೆ ಎಂಬುದು ಮಾತ್ರ ನೆನಪಿಲ್ಲ. ಮುಂದಿನ ಭಾನುವಾರ ಅದೇ ಟೆರೇಸಿನಲ್ಲಿ ಮಂಡಿನೋವಿನ ಭಾಷಣವಿತ್ತು. ಜನ ಹೋದರು.

ಅಕ್ಕ ಈಗ ಎಡದ ಮಂದಗಣ್ಣಿನಲ್ಲೇ ಅಡುಗೆ ಮಾಡುತ್ತಾಳೆ, ಬಾಗಿಲಿಗೆ ಯಾರು ಬಂದರೆಂದು ಹೆಜ್ಜೆಯಲ್ಲಿ ಗುರುತಿಸುತ್ತಾಳೆ. ಹೊಲಿಗೆ ನಿಂತಿದೆ. ಕಳೆದ ಆಟಿಯಲ್ಲಿ ಮೆಟ್ಟಿಲ ಮೇಲೆ ಕಷಾಯದ ವಾಸನೆಗೆ ನಿಂತಿದ್ದ ನನ್ನನ್ನು ಮೇಲಿನಿಂದಲೇ, "ಯಾಕೆ ನಿಂತದ್ದು? ಬಾ" ಎಂದು ಕರೆದಳು. ಕಾವೇರತ್ತೆ ಹೋಗಿ ನಾಲ್ಕು ವರ್ಷವಾಯಿತು. ಅವರ ಕೊನೆಯ ವರ್ಷಗಳಲ್ಲಿ ಆ ಮನೆಯಲ್ಲಿ ಆಟಿಯ ಕಷಾಯ ಮಾಡಿರಲಿಲ್ಲ. ವಾಸನೆ ಕೆಳಗಿನ ಮನೆಯದು.

ನಾನು ಎದ್ದೆನೋ ಕೂತಿದ್ದೆನೋ, ಗಾಡಿ ದಿವಾದಲ್ಲಿ ನಿಂತಿತ್ತೋ ಇಲ್ಲವೋ, ಅದನ್ನೆಲ್ಲ ಪರೀಕ್ಷಿಸಲು ದಾರಿಯಿಲ್ಲ. ಒಂದನ್ನು ಮಾತ್ರ ಎಷ್ಟೋ ವರ್ಷ ಕಳೆದು, ಬೇರೆ ಏನನ್ನೋ ಓದುವಾಗ ಎದುರಾಗಿ, ನಂಬದೆ, ಮೂರು ನಾಲ್ಕು ಕಡೆ ಹುಡುಕಿ ಖಚಿತ ಮಾಡಿಕೊಂಡಿದ್ದೇನೆ. ಸಭೆಯಲ್ಲಿ ನಾನು ಹೇಳಿದ್ದು ತಪ್ಪು. ರೆಟಿನಾ ಹರಿದು ಬಿಟ್ಟುಕೊಂಡಾಗ ಮನುಷ್ಯನ ಕಣ್ಣಿನಲ್ಲೂ ಆ ಕಪ್ಪು ಕೋಶಗಳು ಪಕ್ಕದವನ ಕೈ ಬಿಡುತ್ತವೆ, ಎಚ್ಚರಗೊಳ್ಳುತ್ತವೆ, ಒಂದು ಎರಡಾಗುತ್ತವೆ. ಕಾದಷ್ಟೂ ಅದರ ಅಪಾಯ ಹೆಚ್ಚು. ನ್ಯೂಟಿನಲ್ಲಿ ಅವು ಹೊಸ ರೆಟಿನಾ ಕಟ್ಟುತ್ತವೆ. ನಮ್ಮಲ್ಲಿ ಅವು ಕಟ್ಟುವುದು ಆ ಬಿಳಿ ಪೊರೆಯನ್ನು.